ನಾನು ನಾನಾಗಿದ್ದಾಗ ಯಾರೂ ಉಳಿಯಲಿಲ್ಲ, ಈಗ ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮೊದಲಿಂದಲೂ ಮಾತು ಕಡಿಮೆ. ಹತ್ತು ಜನ ಸೇರಿದ ಕಡೆ ಒಂದು ಗಂಟೆ ಕಳೆದರೆ ಮನೆ ಸೇರಿದರೆ ಸಾಕು ಅನಿಸುತ್ತದೆ. ಹಿಂದೆ ಇಬ್ಬರ ಜೊತೆ ಸ್ನೇಹ ಪ್ರೀತಿಯ ತನಕ ಬಂದು ನಿಂತುಹೋಯಿತು. ಒಬ್ಬರಂತೂ 'ನಿನ್ನ ಜೊತೆ ಬೋರ್ ಆಗುತ್ತೆ' ಎಂದು ಮುಖಕ್ಕೇ ಹೇಳಿದರು. ಹಾಗಾಗಿ ಮೂರನೆಯವರು ಸಿಕ್ಕಾಗ ನಾನು ಬೇರೆ ಥರ ಇದ್ದೆ. ಜೋರಾಗಿ ನಕ್ಕೆ, ಪಾರ್ಟಿ ಇಷ್ಟ ಅಂದೆ, ಸುತ್ತಾಟ ಅಂದ್ರೆ ಪ್ರಾಣ ಅಂದೆ. ಅವರಿಗೆ ತುಂಬಾ ಹಿಡಿಸಿತು. ಐದು ತಿಂಗಳಾಯಿತು. ಮೊನ್ನೆ ಅವರು 'ನಿನ್ನಲ್ಲಿ ನನಗೆ ಇಷ್ಟ ಆಗೋದೇ ಈ ಉತ್ಸಾಹ' ಎಂದರು. ಖುಷಿಯಾಗಬೇಕಿತ್ತು, ಅಳು ಬಂತು. ಪ್ರತಿ ಸಲ ಭೇಟಿ ಮುಗಿಸಿ ಮನೆಗೆ ಬಂದಮೇಲೆ ಶೂ ಕೂಡ ಬಿಚ್ಚದೆ ಅರ್ಧ ಗಂಟೆ ಮಂಚದ ಅಂಚಿನಲ್ಲಿ ಸುಮ್ನೆ ಕೂತಿರುತ್ತೇನೆ. ಮುಂದಿನ ತಿಂಗಳು ಅವರ ಗೆಳೆಯರ ಗುಂಪಿನ ಜೊತೆ ಮೂರು ದಿನದ ಪ್ರವಾಸವಿದೆ, ಹೂಂ ಅಂದುಬಿಟ್ಟಿದ್ದೇನೆ. ಎಲ್ಲರೂ 'ನೀನು ನೀನಾಗಿರು' ಅನ್ನುತ್ತಾರೆ. ನಾನು ನಾನಾಗಿದ್ದಾಗ ಯಾರೂ ಉಳಿಯಲಿಲ್ಲವಲ್ಲ? ಈಗ ನಿಜ ಹೇಳಿ ಇವರೂ ಹೋಗಿಬಿಟ್ಟರೆ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಶೂ ಬಿಚ್ಚದೆ ಕೂತಿರುವ ಆ ಸಾಲನ್ನು. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಮಾತು ಕಡಿಮೆ ಇರುವವರಿಗೆ ಜನರ ಜೊತೆ ಇದ್ದು ಬಂದರೆ ಸುಸ್ತಾಗುವುದು ಸಹಜ. ತುಂಬಾ ಇಷ್ಟವಾದವರ ಜೊತೆ ಇದ್ದು ಬಂದರೂ ಆಗುತ್ತದೆ. ಹಾಗಾಗಿ ಸುಸ್ತು ಒಂದನ್ನೇ ನೋಡಿ ಏನೂ ತೀರ್ಮಾನ ಮಾಡಬೇಡಿ. ಆ ಅರ್ಧ ಗಂಟೆ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನುವುದನ್ನು ನೋಡಿ. ಅವರು ಹೇಳಿದ ಯಾವುದೋ ಮಾತು, ಮುಂದಿನ ಸಲ ಸಿಕ್ಕಾಗ ಕೇಳಬೇಕು ಅಂದುಕೊಂಡ ಯಾವುದೋ ಪ್ರಶ್ನೆ ಓಡುತ್ತಿದ್ದರೆ ಅದು ಒಳ್ಳೆಯ ಸುಸ್ತು, ಒಂದು ನಿದ್ದೆ ಮಾಡಿದರೆ ಹೋಗುತ್ತದೆ. ಆದರೆ 'ಆ ಜೋಕಿಗೆ ಸರಿಯಾಗಿ ನಕ್ಕೆನಾ, ಹೋದ ವಾರ ಒಂದು ಹೇಳಿ ಈ ವಾರ ಇನ್ನೊಂದು ಹೇಳಿಬಿಟ್ಟೆನಾ, ನಡುವೆ ಎಲ್ಲಾದರೂ ಸಪ್ಪಗೆ ಕಂಡೆನಾ' ಅಂತ ಒಂದೊಂದನ್ನೇ ತೆಗೆದು ನೋಡುತ್ತಾ ಕೂತಿದ್ದರೆ, ಅದು ಎರಡು ಕೆಲಸವನ್ನು ಒಟ್ಟಿಗೆ ಮಾಡಿ ಬಂದವರ ಸುಸ್ತು. ಅವರ ಜೊತೆಯೂ ಇದ್ದಿರಿ, ನಿಮ್ಮ ಮೇಲೆ ನೀವೇ ಕಾವಲೂ ಕೂತಿದ್ದಿರಿ. ಐದು ತಿಂಗಳು ಹೀಗೆ ಇದ್ದೀರಿ ಅಂದರೆ ನಿಜಕ್ಕೂ ತುಂಬಾ ದಣಿದಿದ್ದೀರಿ. ಮೊದಲು ಅದನ್ನು ಒಪ್ಪಿಕೊಳ್ಳಿ.

ಇನ್ನು ಅಳು. ಹೊಗಳಿಕೆ ಕೇಳಿ ಅಳು ಬಂದಿದ್ದಕ್ಕೆ ನಿಮಗೆ ನಿಮ್ಮ ಮೇಲೇ ಗೊಂದಲವಾಗಿದೆ. ನನಗೆ ಅದು ತೀರಾ ಅರ್ಥವಾಗುವಂಥದ್ದು. ಅವರು ಹೊಗಳಿದ್ದು ನಿಮ್ಮ ಎದುರಲ್ಲೇ, ಆದರೆ ಆ ಹೊಗಳಿಕೆ ತಲುಪಿದ್ದು ನೀವು ಕಟ್ಟಿ ನಿಲ್ಲಿಸಿದ ಇನ್ನೊಬ್ಬಳಿಗೆ. ನೀವು ಪಕ್ಕದಲ್ಲಿ ನಿಂತು ನೋಡಿದಿರಿ. ವೇಷ ಹಾಕಿ ಪ್ರೀತಿ ಪಡೆಯುವುದರಲ್ಲಿ ಇರುವ ದೊಡ್ಡ ತೊಂದರೆ ಇದೇ. ಸಿಕ್ಕಿಬೀಳುತ್ತೀರಿ ಅನ್ನುವುದು ಆಮೇಲಿನ ಮಾತು. ಸಿಕ್ಕಿಬೀಳದೇ ಇದ್ದರೂ, ಎಲ್ಲ ಚೆನ್ನಾಗೇ ನಡೆದರೂ, ಆ ಪ್ರೀತಿ ನಿಮ್ಮ ಕೈಗೆ ಬರುವುದಿಲ್ಲ. ಎಷ್ಟು ಜಾಸ್ತಿ ಕೊಟ್ಟರೂ ಅಷ್ಟೇ ಜಾಸ್ತಿ ಒಂಟಿ ಅನಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಸ್ವಾನ್ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮ ಪರಿಸ್ಥಿತಿಗೆ ತುಂಬಾ ಹತ್ತಿರದ್ದು. ಪ್ರೀತಿಸುತ್ತಿರುವ ಜೋಡಿಗಳನ್ನೂ ಮದುವೆಯಾದ ಜೋಡಿಗಳನ್ನೂ ಅವರು ಹೋಲಿಸಿ ನೋಡಿದರು. ಇನ್ನೂ ಪ್ರೀತಿಯ ಹಂತದಲ್ಲಿ ಇದ್ದವರಿಗೆ, ತಮ್ಮನ್ನು ಯಾರು ಹೆಚ್ಚು ಮೆಚ್ಚುತ್ತಾರೋ ಅವರ ಜೊತೆ ಹೆಚ್ಚು ಆಪ್ತತೆ. ಮದುವೆಯಾದವರಲ್ಲಿ ಚಿತ್ರ ಬೇರೆ. ತಾನು ತನ್ನನ್ನು ಹೇಗೆ ಕಾಣುತ್ತೇನೋ ಸಂಗಾತಿಯೂ ಹಾಗೇ ಕಂಡಾಗ ಅವರಿಗೆ ಆಪ್ತತೆ ಜಾಸ್ತಿ. ತಮ್ಮ ಬಗ್ಗೆ ತಮಗೇ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇಲ್ಲದವರಲ್ಲೂ ಹೀಗೇ ಇತ್ತು. ಇದನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ: ಮೊದಮೊದಲು ನಮಗೆ ಪಾಸಾಗಬೇಕು. ಆಮೇಲೆ ಜೊತೆಗೆ ಬದುಕಬೇಕು. ಬದುಕುವಾಗ, ನನ್ನನ್ನು ಸರಿಯಾಗಿ ಗೊತ್ತಿರುವವರು ಪಕ್ಕದಲ್ಲಿ ಇದ್ದಾರೆ ಅನ್ನುವುದೇ ನೆಮ್ಮದಿ. ನೀವು ಈ ಎರಡರ ನಡುವಿನ ಹೊಸ್ತಿಲಲ್ಲಿ ಇದ್ದೀರಿ. ಮೆಚ್ಚುಗೆ ಸಿಕ್ಕಾಯಿತು, ಆದರೆ ಅದರಿಂದ ಹೊಟ್ಟೆ ತುಂಬುತ್ತಿಲ್ಲ.

ಈಗ ನಿಮ್ಮ ಮುಖ್ಯವಾದ ವಾದಕ್ಕೆ ಬರುತ್ತೇನೆ. 'ನಾನು ನಾನಾಗಿದ್ದಾಗ ಯಾರೂ ಉಳಿಯಲಿಲ್ಲ.' ಇದನ್ನು ಬಹಳ ಜನ ನನಗೆ ಹೇಳಿದ್ದಾರೆ, ಹೇಳುವಾಗ ಅವರ ಗಂಟಲು ಕಟ್ಟಿರುತ್ತದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಇಬ್ಬರ ಎದುರು ನೀವು ನಿಜಕ್ಕೂ ನೀವಾಗಿಯೇ ಇದ್ದಿರಾ?

ಯಾಕೆ ಕೇಳುತ್ತೇನೆ ಅಂದರೆ, ಸ್ವಭಾವದ ಮೌನ ಬೇರೆ, ಭಯದ ಮೌನ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬರುತ್ತಿದ್ದ ಒಬ್ಬರು ಇದ್ದರು. ಯಾರನ್ನು ಭೇಟಿಯಾದರೂ ಎರಡನೇ ಭೇಟಿ ಆಗುತ್ತಿರಲಿಲ್ಲ. 'ನಾನಿರೋದೇ ಹೀಗೆ, ಇಷ್ಟ ಆದ್ರೆ ಆಗ್ಲಿ' ಅನ್ನುತ್ತಿದ್ದರು. ಹೇಗೆ ಅಂತ ಕೇಳಿದೆ. ಕೇಳಿದ್ದಕ್ಕೆ ಎರಡೇ ಮಾತಲ್ಲಿ ಉತ್ತರ, ತಾನಾಗಿ ಒಂದು ಪ್ರಶ್ನೆಯೂ ಇಲ್ಲ, ಕಣ್ಣು ಮೇಜಿನ ಮೇಲೆ. ಒಂದು ದಿನ ಮಾತಿನ ನಡುವೆ, ಕೆಟ್ಟುಹೋದ ಹಳೇ ಗಡಿಯಾರಗಳನ್ನು ತಂದು ರಿಪೇರಿ ಮಾಡುತ್ತೇನೆ ಅಂದರು. ಹೇಗೆ ಮಾಡ್ತೀರಿ ಅಂದೆ. ಅಷ್ಟೇ, ಇಪ್ಪತ್ತು ನಿಮಿಷ ಮಾತಾಡಿದರು! ಸಣ್ಣ ಸ್ಕ್ರೂ ಹಿಡಿಯುವ ರೀತಿಯನ್ನು ಬೆರಳಲ್ಲೇ ತೋರಿಸಿದರು, ನಿಂತಿದ್ದ ಗಡಿಯಾರ ಮತ್ತೆ ಟಿಕ್ ಅಂದಾಗ ಉಸಿರು ಬಿಗಿಹಿಡಿದು ಕೇಳುತ್ತೇನೆ ಅಂದರು. ಇದನ್ನು ಭೇಟಿಯಾದವರಿಗೆ ಹೇಳಿದ್ದೀರಾ ಅಂತ ಕೇಳಿದರೆ, 'ಇದನ್ನೆಲ್ಲಾ ಯಾರು ಕೇಳ್ತಾರೆ' ಅಂದರು. ಅಲ್ಲಿಗೆ ನನಗೆ ಗೊತ್ತಾಯಿತು, ಇವರನ್ನು ಯಾರೂ ಬೇಡ ಅಂದಿರಲಿಲ್ಲ. ಇವರನ್ನು ಯಾರೂ ಕಂಡೇ ಇರಲಿಲ್ಲ. ಎಲ್ಲರೂ ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋಗಿದ್ದರು.

ನಿಮ್ಮದೂ ಹೀಗೇ ಅಂತ ಹೇಳುತ್ತಿಲ್ಲ. ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆ ಇಬ್ಬರ ಹತ್ತಿರ ನಿಮಗೆ ಇಷ್ಟವಾದ ಒಂದೇ ಒಂದು ವಿಷಯವನ್ನು ಮನಸ್ಸು ಬಿಚ್ಚಿ ಮಾತಾಡಿದ್ದಿರಾ? ಅವರು ಹೇಳಿದ್ದು ಹಿಡಿಸದಿದ್ದಾಗ ಹಿಡಿಸಲಿಲ್ಲ ಅಂದಿದ್ದಿರಾ? ಮಾತಾಡಿದ್ದೆ, ಅಂದಿದ್ದೆ, ಆದರೂ ಹೋದರು ಅನ್ನುವುದಾದರೆ, ಸರಿ, ಹೊಂದಾಣಿಕೆ ಆಗಲಿಲ್ಲ. ಇಬ್ಬರು ಬೇಡ ಅಂದಿದ್ದು ನೋವಿನ ಸಂಗತಿ, ಆದರೆ ಇಬ್ಬರ ಮಾತು ಊರಿನ ತೀರ್ಪಲ್ಲ. 'ಬೋರ್ ಆಗುತ್ತೆ' ಅಂದವರು ತಮಗೆ ಏನು ಬೇಕು ಅನ್ನುವುದನ್ನು ಒರಟಾಗಿ ಹೇಳಿದರು. ಅದನ್ನು ನೀವು ನಿಮ್ಮ ಮೇಲಿನ ಸರ್ಟಿಫಿಕೇಟ್ ಥರ ಇಷ್ಟು ದಿನ ಇಟ್ಟುಕೊಂಡಿದ್ದೀರಿ.

ಇನ್ನೊಂದು ವಿಷಯ. ಮಾತು ಮುಗಿಸಿ ಎದ್ದಮೇಲೆ ಎದುರಿನವರಿಗೆ ನಾವು ಎಷ್ಟು ಹಿಡಿಸಿದೆವು ಅನ್ನುವ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪಿರುತ್ತದೆ, ಅದೂ ಕಡಿಮೆ ಕಡೆಗೇ ತಪ್ಪಿರುತ್ತದೆ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ತೋರಿಸಿದರು. ಮೊದಲ ಸಲ ಭೇಟಿಯಾಗಿ ಮಾತಾಡಿದವರನ್ನು ಬೇರೆ ಬೇರೆಯಾಗಿ ಕೇಳಿದಾಗ, ತಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಎದುರಿನವರಿಗೆ ಅವರು ಇಷ್ಟವಾಗಿದ್ದರು. ಒಟ್ಟಿಗೆ ವಾಸವಿದ್ದ ಕಾಲೇಜು ವಿದ್ಯಾರ್ಥಿಗಳಲ್ಲೂ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಹಾಗೇ ಇತ್ತು. ಹಾಗಾಗಿ 'ನಾನು ಇದ್ದ ಹಾಗೆ ಇದ್ದರೆ ಯಾರಿಗೂ ಬೇಡ' ಅನ್ನುವ ನಿಮ್ಮ ನಂಬಿಕೆಯನ್ನು ಅಷ್ಟು ಪೂರ್ತಿಯಾಗಿ ನಂಬಬೇಡಿ.

'ನೀನು ನೀನಾಗಿರು' ಅನ್ನುವ ಮಾತನ್ನು ಜನ ಸುಮ್ನೆ ಹೇಳಿಬಿಡುತ್ತಾರೆ, ಅದರ ಅರ್ಥ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲ ಭೇಟಿಯಲ್ಲೇ ಹಳೆಯ ಗಾಯಗಳನ್ನೆಲ್ಲ ಹರಡುವುದು ಅಂತಲ್ಲ. ಮನಸ್ಸಿಗೆ ಬಂದಿದ್ದನ್ನು ಬಂದ ಹಾಗೇ ಆಡಿ 'ನಾನು ನೇರ ಮನುಷ್ಯ' ಅನ್ನುವುದಂತೂ ಅಲ್ಲವೇ ಅಲ್ಲ. ಬ್ರಿಟನ್‌ನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1960ರಲ್ಲಿ ನಮ್ಮೊಳಗಿನ ನಿಜವಾದ 'ನಾನು' ಮತ್ತು ಸೋಗಿನ 'ನಾನು' ಬಗ್ಗೆ ಬರೆದರು. ಅವರು ಸೋಗನ್ನು ಪೂರ್ತಿ ಕೆಟ್ಟದ್ದು ಅನ್ನಲಿಲ್ಲ. ನಾಲ್ಕು ಜನರ ನಡುವೆ ಸಭ್ಯವಾಗಿ ನಡೆದುಕೊಳ್ಳುವುದೂ ಅದರದೇ ಒಂದು ಆರೋಗ್ಯಕರ ರೂಪ. ಆ ತುದಿಯಿಂದ ಶುರುವಾಗಿ, ಒಳಗಿನ ಮನುಷ್ಯ ಪೂರ್ತಿ ಮುಚ್ಚಿಹೋಗುವ ಈ ತುದಿಯ ತನಕ ಬೇರೆ ಬೇರೆ ಮಟ್ಟಗಳಿವೆ. ಭೇಟಿಗೆ ಚೆನ್ನಾಗಿರುವ ಬಟ್ಟೆ ಹಾಕಿಕೊಂಡು ಹೋಗುವುದು, ತಲೆನೋವಿದ್ದರೂ ನಗುತ್ತಾ ಮಾತಾಡುವುದು, ಇದೆಲ್ಲ ಸೌಜನ್ಯ. ಇಷ್ಟವಿಲ್ಲದ ಬದುಕನ್ನೇ ಇಷ್ಟ ಅಂದು ಅದರ ಮೇಲೆ ಇನ್ನೊಬ್ಬರ ಭರವಸೆ ಕಟ್ಟಿಸುವುದು ಬೇರೆ ವಿಷಯ.

ಈ ಗೆರೆ ಎಲ್ಲಿದೆ ಅಂತ ಕೇಳುವವರಿಗೆ ನಾನು ಒಂದು ಪರೀಕ್ಷೆ ಹೇಳುತ್ತೇನೆ. ನೀವು ತೋರಿಸುತ್ತಿರುವುದು ಎರಡು ವರ್ಷ ಬಿಟ್ಟು, ಒಂದು ಮಾಮೂಲಿ ವಾರದ ಸಂಜೆಯಲ್ಲೂ ಇರುತ್ತದಾ? ಇರುತ್ತದೆ ಅಂದರೆ ಅದು ನಿಮ್ಮ ಒಳ್ಳೆಯ ಮುಖ, ಧಾರಾಳವಾಗಿ ತೋರಿಸಿ. ಇರುವುದಿಲ್ಲ ಅಂದರೆ, ಮುಂದೆ ಮನೆಗೆ ಬರದೇ ಇರುವ ಒಬ್ಬಳಿಗೆ ಅವರಿಂದ ಒಪ್ಪಿಗೆ ತೆಗೆದುಕೊಳ್ಳುತ್ತಿದ್ದೀರಿ. ಅದು ನಿಮಗೂ ಅನ್ಯಾಯ, ಅವರಿಗೂ ಅನ್ಯಾಯ.

ನೀವೊಬ್ಬರೇ ಹೀಗೆ ಮಾಡಿದ್ದೀರಿ ಅಂದುಕೊಳ್ಳಬೇಡಿ. ಸಂಗಾತಿ ಹುಡುಕುವ ವೆಬ್‌ಸೈಟುಗಳಲ್ಲಿ ಜನ ತಮ್ಮ ಬಗ್ಗೆ ಎಷ್ಟು ನಿಜ ಬರೆಯುತ್ತಾರೆ ಅಂತ ಕಟಲಿನಾ ಟೋಮಾ, ಜೆಫ್ರಿ ಹ್ಯಾನ್‌ಕಾಕ್, ನಿಕೋಲ್ ಎಲಿಸನ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅವರು 80 ಜನರ ಎತ್ತರ, ತೂಕವನ್ನು ತಾವೇ ಅಳೆದು, ವಯಸ್ಸನ್ನೂ ಪರಿಶೀಲಿಸಿ, ಪ್ರೊಫೈಲ್‌ನಲ್ಲಿ ಬರೆದಿದ್ದರ ಜೊತೆ ಹೋಲಿಸಿದರು. ಹತ್ತರಲ್ಲಿ ಸುಮಾರು ಎಂಟು ಜನ ಈ ಮೂರರಲ್ಲಿ ಒಂದರಲ್ಲಾದರೂ ಹೆಚ್ಚುಕಡಿಮೆ ಬರೆದಿದ್ದರು. ಆದರೆ ಹೆಚ್ಚಿನವರ ಸುಳ್ಳು ತೀರಾ ಸಣ್ಣದು, ಎದುರಿಗೆ ಬಂದಾಗ ಕಣ್ಣಿಗೆ ಬೀಳದಷ್ಟು. ನಾಳೆ ಮುಖಾಮುಖಿ ಆಗಲೇಬೇಕು ಅನ್ನುವ ಎಚ್ಚರ ಅವರಿಗಿತ್ತು. ಎತ್ತರವನ್ನು ಒಂದೇ ಭೇಟಿಯಲ್ಲಿ ನೋಡಿಬಿಡಬಹುದು, ಸ್ವಭಾವವನ್ನು ಹಾಗೆ ಟೇಪ್ ಹಿಡಿದು ಅಳೆಯಲು ಬರುವುದಿಲ್ಲ. ಅದಕ್ಕೇ ಸ್ವಭಾವದ ಸುಳ್ಳು ತಿಂಗಳುಗಟ್ಟಲೆ ನಡೆಯುತ್ತದೆ, ನಡೆದಷ್ಟೂ ಬೆಳೆಯುತ್ತದೆ. ನಿಮ್ಮ 'ಸುತ್ತಾಟ ಅಂದ್ರೆ ಪ್ರಾಣ' ಮೊದಲ ದಿನ ಒಂದು ಮಾತಾಗಿತ್ತು. ಈಗ ಅದು ಮೂರು ದಿನದ ಪ್ರವಾಸವಾಗಿ ಎದುರಿಗೆ ನಿಂತಿದೆ.

ಹೇಳಬೇಕಾ? ಹೇಳಬೇಕು. ಬೇಗ ಹೇಳಬೇಕು. ಐದು ತಿಂಗಳಿಗೆ ಹೇಳಿದರೆ 'ಮೊದಮೊದಲು ಭಯವಿತ್ತು' ಅನ್ನುವುದು ಅವರಿಗೆ ಅರ್ಥವಾಗುತ್ತದೆ. ಎರಡು ವರ್ಷಕ್ಕೆ ಹೇಳಿದರೆ 'ಇಷ್ಟು ದಿನ ಯಾರ ಜೊತೆ ಇದ್ದೆ ನಾನು' ಅನಿಸುತ್ತದೆ.

ಹೇಳುವ ಮುಂಚೆ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು, ಈ ಐದು ತಿಂಗಳಲ್ಲಿ ಅವರ ಜೊತೆ ಕಳೆದ ಹೊತ್ತುಗಳನ್ನು ನೆನಪಿಗೆ ಬಂದ ಹಾಗೆ ಬರೆಯಿರಿ. ಯಾವುದರಲ್ಲಿ ನಟಿಸಿದಿರಿ, ಯಾವುದರಲ್ಲಿ ನಟಿಸಲಿಲ್ಲ ಅಂತ ಪಕ್ಕದಲ್ಲಿ ಗುರುತು ಹಾಕಿ. ನೀವು ಈಗ ಎಲ್ಲವೂ ಸುಳ್ಳು ಅಂದುಕೊಂಡಿದ್ದೀರಿ. ಇರಲಾರದು. ಯಾವುದೋ ಒಂದು ಸಂಜೆ ಇಬ್ಬರೇ ನಡೆಯುತ್ತಿದ್ದಾಗ ಬಂದ ನಗು ನಿಜದ ನಗು ಆಗಿರುತ್ತದೆ. ಅವರಿಗೆ ಮೈ ಹುಷಾರಿಲ್ಲದಾಗ ನೀವು ಪಟ್ಟ ಚಿಂತೆ ನಿಜದ್ದಾಗಿರುತ್ತದೆ. ಅವರು ನೋಡಿದ ಉತ್ಸಾಹದಲ್ಲೂ ಒಂದಿಷ್ಟು ನಿಮ್ಮದೇ ಇರಬಹುದು. ಮಾತು ಕಡಿಮೆ ಇರುವವರು ಇಷ್ಟದವರ ಜೊತೆ ಹರಟೆ ಹೊಡೆಯುವುದಿಲ್ಲ ಅಂತ ಯಾರು ಹೇಳಿದರು? ಈ ಬೇರ್ಪಡಿಸುವ ಕೆಲಸ ಮಾಡದೆ ಹೋದರೆ, ಅಳುತ್ತಾ 'ನಾನು ನಿನಗೆ ಎಲ್ಲಾ ಸುಳ್ಳೇ ಹೇಳಿದ್ದು' ಅಂದುಬಿಡುತ್ತೀರಿ. ಅದು ಕೂಡ ನಿಜವಲ್ಲ, ಸುಮ್ಮನೆ ಅವರನ್ನು ಬೆದರಿಸುತ್ತದೆ.

ಮೆಸೇಜ್‌ನಲ್ಲಿ ಬೇಡ. ಗಲಾಟೆಯ ಜಾಗದಲ್ಲಿ ಬೇಡ. ಇಬ್ಬರೇ ಅಕ್ಕಪಕ್ಕ ನಡೆಯುವಾಗ ಒಳ್ಳೆಯದು. ಮುಖ ನೋಡುತ್ತಾ ಹೇಳಲಾಗದ್ದು ನಡೆಯುತ್ತಾ ಹೇಳಲಾಗುತ್ತದೆ, ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಹೀಗೆ ಶುರು ಮಾಡಬಹುದು: 'ನೀನು ಮೊನ್ನೆ ನನ್ನ ಉತ್ಸಾಹ ಇಷ್ಟ ಅಂದೆ. ಅದು ನನ್ನ ಮನಸ್ಸಲ್ಲೇ ಕೂತಿದೆ. ನಿನ್ನ ಜೊತೆ ಖುಷಿಯಾಗಿರೋದು ನಿಜ. ಆದರೆ ಪಾರ್ಟಿ, ದೊಡ್ಡ ಗುಂಪು ಇದೆಲ್ಲ ಇಷ್ಟ ಅಂತ ಹೇಳಿದ್ದು ನಿಜ ಅಲ್ಲ. ಹಿಂದೆ ಒಬ್ಬರು ನನ್ನನ್ನ ಬೋರ್ ಅಂದಿದ್ರು. ನೀನೂ ಹಾಗೇ ಅಂದುಕೊಳ್ತೀಯ ಅಂತ ಹೆದರಿ ಹೇಳಿಬಿಟ್ಟೆ. ನನಗೆ ಜಾಸ್ತಿ ಜನ ಇದ್ರೆ ಸುಸ್ತಾಗುತ್ತೆ, ಒಬ್ಬಳೇ ಇರೋ ಹೊತ್ತು ಬೇಕಾಗುತ್ತೆ. ನಿನಗೆ ಇದು ಗೊತ್ತಿರಬೇಕು ಅನಿಸ್ತು.' ಇಷ್ಟೇ. ನಿಮ್ಮದೇ ಮಾತಲ್ಲಿ ಹೇಳಿ. ಹೇಳಿದ ಮೇಲೆ ಸುಮ್ಮನಾಗಿ. ಆಮೇಲಿನ ಮೌನವನ್ನು ತುಂಬಿಸಲು 'ಪರವಾಗಿಲ್ಲ, ನಾನು ಬದಲಾಗ್ತೀನಿ' ಅಂತ ಮತ್ತೆ ಹಳೆಯ ವೇಷಕ್ಕೆ ಕೈ ಹಾಕಬೇಡಿ. ಆ ಹೊತ್ತಲ್ಲಿ ಬಾಯಿಗೆ ಮೊದಲು ಬರುವುದು ಅದೇ.

ಅವರಿಗೆ ಬೇಜಾರಾಗಬಹುದು. ಆಗಲಿ, ಅದು ಅವರ ಹಕ್ಕು. 'ಮತ್ತೆ ಇನ್ನೇನೇನು ಸುಳ್ಳು' ಅಂತ ಕೇಳಿದರೆ ಸಿಟ್ಟಾಗದೆ ಉತ್ತರ ಕೊಡಿ, ಹಾಳೆಯಲ್ಲಿ ಬರೆದುಕೊಂಡಿದ್ದು ಆಗ ಕೆಲಸಕ್ಕೆ ಬರುತ್ತದೆ. ಎರಡು ದಿನ ಕಡಿಮೆ ಮಾತಾಡಿದರೆ ಅದನ್ನೇ ಕೊನೆ ಅಂದುಕೊಳ್ಳಬೇಡಿ. ನೀವು ಗಮನಿಸಬೇಕಾದ್ದು ಆಮೇಲೆ ಅವರು ಏನು ಮಾಡುತ್ತಾರೆ ಅನ್ನುವುದನ್ನು. ನಿಮ್ಮ ಬಗ್ಗೆ ಕುತೂಹಲದಿಂದ ಕೇಳುತ್ತಾರಾ? ಒಬ್ಬಳೇ ಇದ್ದಾಗ ಏನು ಮಾಡ್ತೀಯ, ಏನು ಇಷ್ಟ, ನಿನಗೆ ಸುಸ್ತಾಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ? ಇಂಥ ಒಂದು ಪ್ರಶ್ನೆ ಬಂದರೂ ನನಗೆ ಭರವಸೆ. ಅದು ಬಿಟ್ಟು ಗೆಳೆಯರ ಎದುರು ಆಡಿಕೊಂಡರೆ, ಜಗಳ ಬಂದಾಗಲೆಲ್ಲ 'ನೀನು ಮೊದಲೇ ಸುಳ್ಳುಬುರುಕಿ' ಅಂತ ಎತ್ತಿ ಆಡಿದರೆ, ಆಗ ನಿಮಗೆ ಅವರ ಬಗ್ಗೆ ಒಂದು ಮುಖ್ಯವಾದ ವಿಷಯ ಗೊತ್ತಾದಂತೆ.

ಅವರು ಹೇಳಿಕೊಳ್ಳಲೂ ಜಾಗ ಬಿಡಿ. ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪರಿಚಯವೇ ಇಲ್ಲದ ಇಬ್ಬಿಬ್ಬರನ್ನು ಕೂರಿಸಿ 36 ಪ್ರಶ್ನೆ ಕೊಟ್ಟರು. ಮೊದಲು ಹಗುರವಾದವು, ಬರಬರುತ್ತಾ ಮನಸ್ಸಿನ ಒಳಗಿನವು. ಸುಮಾರು 45 ನಿಮಿಷದ ಕೊನೆಗೆ, ಲೋಕಾಭಿರಾಮವಾಗಿ ಮಾತಾಡಿದ ಜೋಡಿಗಳಿಗಿಂತ ಇವರಿಗೆ ಪರಸ್ಪರ ಹೆಚ್ಚು ಹತ್ತಿರ ಅನಿಸಿತು. ಇದರಲ್ಲಿ ನನಗೆ ಮುಖ್ಯ ಅನಿಸುವುದು ಪ್ರಶ್ನೆಗಳಲ್ಲ. ಇಬ್ಬರೂ ಸರದಿಯಲ್ಲಿ ಹೇಳಿಕೊಂಡರು, ಸ್ವಲ್ಪ ಸ್ವಲ್ಪವಾಗಿ ಹೇಳಿಕೊಂಡರು. ನೀವು ಒಂದು ಹೆಜ್ಜೆ ಇಟ್ಟು, ಅವರಿಗೂ ಒಂದು ಹೆಜ್ಜೆ ಇಡಲು ಬಿಡಿ. ಯಾರಿಗೆ ಗೊತ್ತು, ಸದಾ ಗುಂಪಿನ ನಡುವೆ ಇರುವ ಅವರೂ ಯಾವುದೋ ಭಯಕ್ಕೆ ಹಾಗಿರಬಹುದು. ಹೀಗೆ ಇಬ್ಬರೂ ಎದುರು ಬದುರು ನಟಿಸುತ್ತಿದ್ದ ಜೋಡಿಗಳನ್ನು ನಾನು ಕಂಡಿದ್ದೇನೆ.

ಅವರು ಹೋಗಿಬಿಟ್ಟರೆ? ಹೋಗಬಹುದು. ಹೋಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ, ಕೊಟ್ಟರೆ ಅದು ಸುಳ್ಳಾಗುತ್ತದೆ. ಅವರಿಗೆ ನಿಜಕ್ಕೂ ದಿನಾ ಹೊರಗೆ ಸುತ್ತುವ, ಮನೆ ತುಂಬಾ ಜನ ಸೇರಿಸುವ ಸಂಗಾತಿಯೇ ಬೇಕಿದ್ದರೆ ಇಬ್ಬರದೂ ತಪ್ಪಿಲ್ಲ. ನೋವಾಗುತ್ತದೆ, ತಿಂಗಳುಗಟ್ಟಲೆ ಆಗುತ್ತದೆ. ಆಗ 'ನೋಡು, ನಾನು ನಾನಾಗಿದ್ದರೆ ಮೂರನೆಯವರೂ ಹೋದರು' ಅಂತ ಆ ಹಳೆಯ ಲೆಕ್ಕಕ್ಕೆ ಇದನ್ನೂ ಸೇರಿಸಬೇಡಿ. ಇವರು ಬಂದಿದ್ದು ನೀವು ತೋರಿಸಿದ ಇನ್ನೊಬ್ಬಳಿಗಾಗಿ. ನೀವು ಇದ್ದ ಹಾಗೇ ಇದ್ದು ಒಬ್ಬರನ್ನು ಭೇಟಿಯಾಗುವ ಕೆಲಸ, ಭಯವಿಲ್ಲದೆ ಭೇಟಿಯಾಗುವ ಕೆಲಸ, ಬಹುಶಃ ಇನ್ನೂ ಶುರುವೇ ಆಗಿಲ್ಲ.

ಕೊನೆಗೆ ಪ್ರವಾಸದ ವಿಷಯ. ಹೂಂ ಅಂದಿದ್ದೀರಿ, ಕೊನೇ ಗಳಿಗೆಯಲ್ಲಿ ಮೈ ಸರಿಯಿಲ್ಲ ಅಂತ ಇನ್ನೊಂದು ನೆಪ ಹೇಳಬೇಡಿ. ಅದಕ್ಕೆ ಮುಂಚೆಯೇ ಈ ಮಾತುಕತೆ ಮುಗಿದಿರಲಿ. ಆಮೇಲೂ ಹೋಗುವ ಮನಸ್ಸಿದ್ದರೆ ಹೋಗಿ, ಅವರ ಗೆಳೆಯರನ್ನು ನೋಡುವ ಆಸೆ ನಿಮಗೂ ಇರಬಹುದು. ಆದರೆ ಹೊರಡುವ ಮೊದಲೇ ಅವರಿಗೆ ಹೇಳಿ, 'ಎರಡನೇ ದಿನ ಮಧ್ಯಾಹ್ನ ನಾನು ರೂಮಲ್ಲೇ ಇರ್ತೀನಿ, ನೀವೆಲ್ಲ ಹೋಗಿ ಬನ್ನಿ, ಸಂಜೆ ಸಿಗ್ತೀನಿ' ಅಂತ. ಅದಕ್ಕೆ ಅವರು ಏನಂತಾರೆ, ಯಾವ ದನಿಯಲ್ಲಿ ಅಂತಾರೆ, ಅದನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಆ ಮಧ್ಯಾಹ್ನ ರೂಮಿಗೆ ಹೋದ ತಕ್ಷಣ ಶೂ ಬಿಚ್ಚಿಡಿ.